ಬಡ್ಡಿಯ ಲೆಕ್ಕ ಕನ್ನಡದಾಗ ಕೊಡ್ರಿ!

(ರಜೆಗೆ ಊರಿಗೆ ಬಂದಿದ್ದ ಬೆಂಗಳೂರು, ಹುಬ್ಬಳ್ಳಿಯ ಕನ್ನಡ ಹುಡುಗ ಹುಡುಗಿಯರ ಮುಂದೆ ಯಲವಿಗಿಯಲ್ಲಿ ವಾಣಿಜ್ಯ ವಿಷಯದ ಮಾಸ್ತರೊಬ್ಬರು ಆಡಿದ ಮಾತು. ಅಂದು ಬರಲಾಗದ ಗೆಳೆಯರಿಗಾಗಿ ಇಲ್ಲಿ ಅಚ್ಚು ಹಾಕಿದ್ದೇವೆ.)



ಕುಂದಗೋಳ, ಗುಡಗೇರಿ ದಾಟಿ ನಮ್ಮ ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು ಬಂದಿದ್ದೀರಿ. ಕನ್ನಡದ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಬಾವುಟದ ಬಗ್ಗೆ, ಬೋರ್ಡಿನ ಬಗ್ಗೆ ನನಗಿಂತ ಜೋರಾಗಿ ಮಾತಾಡುವವರು ನಿಮ್ಮಲ್ಲೇ ಇದ್ದಾರೆ. ನಾನು ಲೆಕ್ಕದ ಮಾಸ್ತರ. ಬಿ.ಕಾಂ. ಮಕ್ಕಳಿಗೆ ಬಿಸಿನೆಸ್ ಮ್ಯಾಥಮ್ಯಾಟಿಕ್ಸ್ ಹೇಳಿಕೊಡುವವನು. ನೋಡಿ, ಆ ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ನಾಲ್ಕು ಜನ ನಕ್ಕರು. ಆ ನಗುವಿನ ಕೆಳಗೆ ಇರುವ ಹೆದರಿಕೆ ನನಗೆ ಗೊತ್ತು. ಇವತ್ತು ಅದರ ಬಗ್ಗೆಯೇ ಮಾತು.

ಮೊದಲು ನನ್ನ ಮರ್ಯಾದೆ ನಾನೇ ಕಳೆದುಕೊಳ್ಳುತ್ತೇನೆ. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಕಾ ಒಂದು ಸಾಲದ ಕಾಗದ ತಂದು ನನ್ನ ಮುಂದಿಟ್ಟರು. ಯಾವ ಕಂಪನಿ ಎನ್ನುವುದು ಬೇಡ, ಅಂಥವು ಹತ್ತಾರು ಇವೆ. ಇಂಗ್ಲಿಷಿನಲ್ಲಿ ಎಂಟು ಪುಟ. "ಓದಿದಾವ ಅದಿಯಲ್ಲೋ ತಮ್ಮಾ, ಏನ್ ಬರದಾರ ನೋಡಿ ಹೇಳು" ಅಂದರು. ಒಂದು ಲಕ್ಷ ಸಾಲ, ಬಡ್ಡಿ 12 ಪರ್ಸೆಂಟ್ ಫ್ಲ್ಯಾಟ್, ಮೂರು ವರ್ಷ, ತಿಂಗಳ ಕಂತು 3,778 ರೂಪಾಯಿ. ನಾನು ನೋಡಿದೆ. "ಊರಾಗ ಎರಡು ರೂಪಾಯಿ ಬಡ್ಡಿ ಅಂದ್ರ ವರ್ಷಕ್ಕ 24 ಆತು, ಇದು ಅದರ ಅರ್ಧ. ಬೇಷ್ ಐತಿ ಕಾಕಾ" ಅಂದೆ. ಸಾಕ್ಷಿ ಅಂತ ಸಹಿಯನ್ನೂ ಹಾಕಿದೆ! ಅದೇ ವರ್ಷ ಅದೇ ವಿಷಯದಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಿತ್ತು. ಅನ್ಯೂಯಿಟಿಯ ಫಾರ್ಮುಲಾ ನಿದ್ದೆಗಣ್ಣಿನಲ್ಲೂ ಬರೆಯುತ್ತಿದ್ದೆ. ಆದರೆ ಕಾಕಾನ ಕೈಯಲ್ಲಿದ್ದ ಕಾಗದವೇ ಆ ಫಾರ್ಮುಲಾ ಎಂದು ನನಗೆ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ?

ಅದಕ್ಕೆ ಬರುವ ಮೊದಲು ಪಿಗ್ಮಿ ಲೆಕ್ಕ ಹಾಕೋಣ. ಪಿಗ್ಮಿ ಗೊತ್ತಲ್ಲ? ಅಂಗಡಿ ಅಂಗಡಿಗೆ ಬಂದು ದಿನದ ದುಡ್ಡು ತುಂಬಿಸಿಕೊಂಡು ಹೋಗುವ ಏಜೆಂಟ್. ಇದು ನಮ್ಮ ಕರಾವಳಿಯವರ ಕೊಡುಗೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ದಿನಕ್ಕೆ 50 ರೂಪಾಯಿಯಂತೆ ವರ್ಷವಿಡೀ ಕಟ್ಟಿದಿರಿ ಎಂದುಕೊಳ್ಳಿ. ಒಟ್ಟು 18,250. ಬಡ್ಡಿ ನಾಲ್ಕು ಪರ್ಸೆಂಟ್ ಎಂದಿಟ್ಟುಕೊಂಡರೆ ಎಷ್ಟು ಬರಬೇಕು? 730 ಎನ್ನುವವರು ಕೈ ಎತ್ತಿ. ಬಹಳ ಜನ ಇದ್ದೀರಿ! ಬರುವುದು ಹೆಚ್ಚು ಕಡಿಮೆ 365. ಬ್ಯಾಂಕಿನವರು ಮೋಸ ಮಾಡಿದರೆ? ಇಲ್ಲ. ಮೊದಲ ದಿನದ 50 ರೂಪಾಯಿ ಅವರ ಹತ್ತಿರ ವರ್ಷ ಪೂರ್ತಿ ಇತ್ತು, ಕೊನೆಯ ದಿನದ್ದು ಒಂದೇ ದಿನ ಇತ್ತು. ಸರಾಸರಿ ಹಿಡಿದರೆ ನಿಮ್ಮ ದುಡ್ಡು ಅಲ್ಲಿದ್ದದ್ದು ಅರ್ಧ ವರ್ಷ. ಅರ್ಧ ವರ್ಷಕ್ಕೆ ಅರ್ಧ ಬಡ್ಡಿ. ನ್ಯಾಯವಾದ ಲೆಕ್ಕ.

ಈಗ ಇದೇ ನ್ಯಾಯವನ್ನು ಕಾಕಾನ ಸಾಲಕ್ಕೆ ಹಚ್ಚಿ. ಒಂದು ಲಕ್ಷಕ್ಕೆ ವರ್ಷಕ್ಕೆ 12,000ದಂತೆ ಮೂರು ವರ್ಷಕ್ಕೆ 36,000. ಕೂಡಿಸಿದರೆ 1,36,000. ಅದನ್ನು 36 ತಿಂಗಳಿಗೆ ಹಂಚಿದರೆ 3,778. ಫ್ಲ್ಯಾಟ್ ಅಂದರೆ ಇಷ್ಟೇ. ಆದರೆ ಸ್ವಾಮಿ, ಆ ಒಂದು ಲಕ್ಷ ಮೂರು ವರ್ಷ ಪೂರ್ತಿ ಕಾಕಾನ ಹತ್ತಿರ ಎಲ್ಲಿತ್ತು? ಮೊದಲ ತಿಂಗಳಿಂದಲೇ ಅಸಲು ತಿರುಗಿ ಹೋಗುತ್ತಿತ್ತಲ್ಲ! ಮೂರನೆಯ ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದು ಮೂರು ಸಾವಿರ ಚಿಲ್ಲರೆ, ಬಡ್ಡಿ ಕಟ್ಟುತ್ತಿದ್ದದ್ದು ಇಡೀ ಲಕ್ಷಕ್ಕೆ. ನಾವು ಇಡುವಾಗ ಅರ್ಧ ಲೆಕ್ಕ, ನಾವು ತರುವಾಗ ಪೂರ್ತಿ ಲೆಕ್ಕ.

ನ್ಯಾಯದ ಲೆಕ್ಕ ಹೀಗಿದೆ. ತಿಂಗಳಿಗೆ ಒಂದು ಪರ್ಸೆಂಟ್. ಮೊದಲ ತಿಂಗಳು ಲಕ್ಷಕ್ಕೆ ಬಡ್ಡಿ 1,000. ಕಂತು 3,321 ಕಟ್ಟಿದರೆ 1,000 ಬಡ್ಡಿಗೆ ಹೋಯಿತು, 2,321 ಅಸಲಿಗೆ ಹೋಯಿತು. ಉಳಿದ ಅಸಲು 97,679. ಎರಡನೆಯ ತಿಂಗಳು ಬಡ್ಡಿ ಅಷ್ಟಕ್ಕೆ ಮಾತ್ರ, 977. ಅಸಲಿಗೆ 2,344. ಹೀಗೆ ಇಳಿಯುತ್ತಾ ಹೋಗಿ 36ನೆಯ ತಿಂಗಳಿಗೆ ಸೊನ್ನೆ. ಒಟ್ಟು ಬಡ್ಡಿ ಸುಮಾರು 19,570. ಕಾಕಾ ಕಟ್ಟಿದ್ದು 36,000. ನನ್ನ ಒಂದು ಸಹಿಯ ಬೆಲೆ ಹದಿನಾರು ಸಾವಿರದ ಮೇಲೆ!

ಹಾಗಾದರೆ ಕಾಕಾ ನಿಜವಾಗಿ ಕೊಟ್ಟ ಬಡ್ಡಿಯ ದರ ಎಷ್ಟು? ಅವಸರದಲ್ಲಿ ಹೇಳುವವರು "ಡಬಲ್, 24" ಎನ್ನುತ್ತಾರೆ. ಪೂರ್ತಿ ಡಬಲ್ ಆಗುವುದಿಲ್ಲ. ಮೊದಮೊದಲ ಕಂತಿನಲ್ಲಿ ಬಡ್ಡಿಯ ಪಾಲು ಹೆಚ್ಚು, ಅಸಲು ನಿಧಾನಕ್ಕೆ ಕರಗುತ್ತದೆ. ಹಾಗಾಗಿ ಸರಾಸರಿ ಉಳಿದ ಸಾಲ 50,000 ಅಲ್ಲ, 56,000 ದಾಟುತ್ತದೆ. ಸರಿಯಾಗಿ ಕೂಡಿಸಿದರೆ ದರ ವರ್ಷಕ್ಕೆ 21 ಪರ್ಸೆಂಟ್ ಚಿಲ್ಲರೆ. ಊರಿನ ಸಾಹುಕಾರನ 24ಕ್ಕೂ ಇದಕ್ಕೂ ಬಹಳ ದೂರವಿಲ್ಲ. ಸಾಹುಕಾರ ಕನಿಷ್ಠ ಕನ್ನಡದಲ್ಲಿ ಹೇಳುತ್ತಾನೆ.

ಪೇಟೆಯಲ್ಲಿರುವವರು ಹಳ್ಳಿಯವರನ್ನು ನೋಡಿ ಅಯ್ಯೋ ಪಾಪ ಎನ್ನಬೇಡಿ. ತಿಂಗಳಿಗೆ 3.5 ಪರ್ಸೆಂಟ್ ಎಂದು ಸಣ್ಣ ಅಕ್ಷರದಲ್ಲಿ ಬರೆದ ಕ್ರೆಡಿಟ್ ಕಾರ್ಡ್ ನಿಮ್ಮ ಜೇಬಿನಲ್ಲಿದ್ದರೆ ಅದು ವರ್ಷಕ್ಕೆ 42. ಬಡ್ಡಿಗೆ ಬಡ್ಡಿ ಬೆಳೆದರೆ 51. ಚಕ್ರಬಡ್ಡಿ ಎಂಬ ಮಾತು ಅಜ್ಜಿಯ ಬಾಯಲ್ಲಿ ಕೇಳಿ ಹೆದರಿದವರು, 'ಕಾಂಪೌಂಡಿಂಗ್' ಎಂದರೆ ತಲೆಯಾಡಿಸಿ ಸ್ವೈಪ್ ಮಾಡುತ್ತೀರಿ!

ಈಗ ಆ ಪ್ರಶ್ನೆಗೆ ಬರೋಣ. ಫಸ್ಟ್ ಕ್ಲಾಸ್ ಹುಡುಗನಿಗೆ ಯಾಕೆ ಹೊಳೆಯಲಿಲ್ಲ? ನಾನು ಲೆಕ್ಕವನ್ನು ಒಂದು ಭಾಷೆಯಲ್ಲಿ ಬಾಯಿಪಾಠ ಮಾಡಿದ್ದೆ, ಬದುಕನ್ನು ಇನ್ನೊಂದು ಭಾಷೆಯಲ್ಲಿ ಬದುಕಿದ್ದೆ. ಎರಡಕ್ಕೂ ಪರಿಚಯವೇ ಇರಲಿಲ್ಲ. 'ಪ್ರೆಸೆಂಟ್ ವ್ಯಾಲ್ಯೂ ಆಫ್ ಆನ್ ಅನ್ಯೂಯಿಟಿ' ಅಂದರೆ ಪರೀಕ್ಷೆಯ ಹತ್ತು ಮಾರ್ಕು. ಕಂತು ಅಂದರೆ ಕಾಕಾನ ಕಷ್ಟ. ಎರಡೂ ಒಂದೇ ಎಂದು ಯಾರೂ ಹೇಳಲಿಲ್ಲ. ನನ್ನ ಮಾಸ್ತರರನ್ನು ದೂರುತ್ತಿಲ್ಲ, ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ.

ನಮ್ಮ ಕನ್ನಡ ಗೈಡುಗಳೂ ಏನು ಸಾಚಾ ಅಲ್ಲ. ಇಂಗ್ಲಿಷ್ ಪದವನ್ನು ತೆಗೆದು ಅದರ ಜಾಗದಲ್ಲಿ 'ಪ್ರಸಕ್ತ ಮೌಲ್ಯ' ಎಂದು ಕೂರಿಸಿಬಿಟ್ಟರೆ ಕನ್ನಡ ಆಯಿತೇ? ಬ್ಯಾಡಗಿ ಪೇಟೆಗೆ ಹೋಗಿ ಕೇಳಿ. ರೈತ ಮೆಣಸಿನಕಾಯಿಯನ್ನು ಇವತ್ತೇ ಮಾರಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿ ಆರು ತಿಂಗಳು ಇಡಬೇಕೋ ಎಂದು ಲೆಕ್ಕ ಹಾಕುತ್ತಾನೆ. ಇವತ್ತು ಕ್ವಿಂಟಲಿಗೆ 20,000 ಸಿಗುತ್ತದೆ ಎಂದಿಟ್ಟುಕೊಳ್ಳಿ. ಅವನ ತಲೆಯ ಮೇಲೆ ಎರಡು ರೂಪಾಯಿ ಬಡ್ಡಿಯ ಸಾಲವಿದೆ. ಆರು ತಿಂಗಳಿಗೆ 12 ಪರ್ಸೆಂಟ್, ಅಂದರೆ 2,400. ಮೇಲೆ ಸ್ಟೋರೇಜಿನ ಬಾಡಿಗೆ. ಆರು ತಿಂಗಳ ನಂತರ 22,400 ಮತ್ತು ಬಾಡಿಗೆಯ ದುಡ್ಡು ದಾಟಿ ರೇಟು ಬರದಿದ್ದರೆ ಇಟ್ಟದ್ದು ದಂಡ. ಮುಂದಿನ 22,400 ಅವನಿಗೆ ಇವತ್ತಿನ 20,000ಕ್ಕೆ ಸಮ. ಇದೇ ಪ್ರೆಸೆಂಟ್ ವ್ಯಾಲ್ಯೂ. 'ಇವತ್ತಿನ ಬೆಲೆ' ಎಂದರೆ ಸಾಕು. ಆ ರೈತನ ಮಗಳು ಬಿ.ಕಾಂ. ಕ್ಲಾಸಿನಲ್ಲಿ ಕೂತು ಅದೇ ಲೆಕ್ಕಕ್ಕೆ ಕಣ್ಣೀರು ಹಾಕುತ್ತಾಳೆ. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು ಹೇಳಿ!

ಕನ್ನಡದಲ್ಲಿ ಇಂಥ ಲೆಕ್ಕ ಆಗುವುದಿಲ್ಲ ಎನ್ನುವವರು ಸ್ವಲ್ಪ ಕೇಳಿಸಿಕೊಳ್ಳಲಿ. 12ನೇ ಶತಮಾನದಲ್ಲಿ ರಾಜಾದಿತ್ಯನೆಂಬ ಕವಿ ಕನ್ನಡದಲ್ಲೇ ಗಣಿತದ ಪುಸ್ತಕಗಳನ್ನು ಬರೆದ. ಅವುಗಳಲ್ಲಿ ಒಂದರ ಹೆಸರು ಏನು ಗೊತ್ತೇ? 'ವ್ಯವಹಾರಗಣಿತ'! ಬಿಸಿನೆಸ್ ಮ್ಯಾಥಮ್ಯಾಟಿಕ್ಸ್! ತ್ರೈರಾಶಿ, ಪಂಚರಾಶಿ, ಸಪ್ತರಾಶಿ ಎಲ್ಲವೂ ಅದರಲ್ಲಿವೆ. ಅವನಿಗಿಂತ ಮುಂಚೆ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳನ್ನು ಸಾಲುಸಾಲಾಗಿ ಇಟ್ಟಿದ್ದಾನೆ. ಅದು ಸಂಸ್ಕೃತದಲ್ಲಿದೆ, ಸುಳ್ಳು ಹೇಳಬಾರದು. ಆದರೆ ನೆಲ ನಮ್ಮದು. ಇನ್ನು ಸಾಲ ಕೊಡುವ ವ್ಯವಸ್ಥೆಗೆ ಬಂದರೆ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅಲ್ಲಿಯ ರೈತರು ಯಾವ ಭಾಷೆಯಲ್ಲಿ ಬಡ್ಡಿ ಕೂಡಿಸಿರಬೇಕು? ಲಂಡನ್ ಇಂಗ್ಲಿಷಿನಲ್ಲೇ?

ಪರೀಕ್ಷೆಗಳ ಬಗ್ಗೆ ಎರಡೇ ಮಾತು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ಕನ್ನಡದಲ್ಲೂ ಇರಲಿ ಎಂಬ ತೀರ್ಮಾನ ಬಂದದ್ದು 2019ರಲ್ಲಿ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೆ ಅದು ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಕೂಗಿದ್ದಕ್ಕೆ ಬಂತು, ಸುಮ್ಮನೆ ಬರಲಿಲ್ಲ. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಹಿಂದಿಯಲ್ಲಿ ಆಗುವ ಲೆಕ್ಕ ಕನ್ನಡದಲ್ಲಿ ಯಾಕೆ ಆಗುವುದಿಲ್ಲ? ಉತ್ತರ ಕೇಳುವುದು ನಿಮ್ಮ ಕೆಲಸ. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲು ಕನ್ನಡದಲ್ಲಿ ಲೆಕ್ಕ ತಿಳಿಯಲಿ, ಆಮೇಲೆ ಅದಕ್ಕೆ ಇಂಗ್ಲಿಷ್ ಹೆಸರು ಕಲಿಯಲು ಒಂದು ವಾರ ಸಾಕು. ನನ್ನ ಕ್ಲಾಸಿನಲ್ಲಿ ನೋಡಿಯೇ ಹೇಳುತ್ತಿದ್ದೇನೆ.

ಈಗ ಕೈಗೆ ಸಿಗುವ ವಿಷಯ. 2025ರ ಜನವರಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದರು. ಮರುತಿಂಗಳು ಸುಗ್ರೀವಾಜ್ಞೆ ಬಂತು. ಅದು ವಸೂಲಿಯ ದೌರ್ಜನ್ಯ ತಡೆಯುವ ಮಾತು. ಅದಕ್ಕಿಂತ ಮುಂಚಿನ ಹೆಜ್ಜೆ, ಸಹಿ ಹಾಕುವ ಗಳಿಗೆಯದು, ನಮ್ಮ ಕೈಯಲ್ಲಿದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ಆದೇಶ ಹೊರಡಿಸಿತು. ಅದರಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ, ಜನಸಾಮಾನ್ಯರಿಗೆ ಕಂತಿನ ಸಾಲ ಕೊಡುವಾಗ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕೊಡಲೇಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಓದಿ ತಿಳಿಸಿ ಹೇಳಬೇಕು. ನಮ್ಮ ಕಾಕಾನಿಗೆ ಅರ್ಥವಾಗುವ ಭಾಷೆ ಯಾವುದು? ಅದರಲ್ಲಿ ಎ.ಪಿ.ಆರ್. ಎಂಬ ಒಂದು ಸಂಖ್ಯೆ ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀ, ವಿಮೆ ಎಲ್ಲ ಸೇರಿಸಿ, ಇಳಿಯುವ ಅಸಲಿನ ಮೇಲೆ ಹಾಕಿದ ನಿಜವಾದ ವಾರ್ಷಿಕ ದರ ಅದು. 12 ಫ್ಲ್ಯಾಟ್ ಎಂದವನು ಅಲ್ಲಿ 21 ಎಂದು ಬರೆಯಲೇಬೇಕು! ಲಕ್ಷದ ಸಾಲದಲ್ಲಿ 3,000 ಮೊದಲೇ ಮುರಿದುಕೊಂಡರೆ 21 ಕೂಡ ಮೇಲಕ್ಕೇರುತ್ತದೆ. ಸಾಲದ ಅವಧಿ ಏಳು ದಿನಕ್ಕಿಂತ ಕಡಿಮೆಯಲ್ಲದಿದ್ದರೆ ಆ ಹಾಳೆ ನೋಡಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಮ್ಮ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ.

ಬೋರ್ಡಿನ ಮೇಲೆ ಕನ್ನಡ ಇದೆಯೇ ಎಂದು ಕತ್ತೆತ್ತಿ ನೋಡುವ ನೀವು ಒಳಗೆ ಹೋಗಿ ಈ ಹಾಳೆ ಕನ್ನಡದಲ್ಲಿದೆಯೇ ಎಂದು ಕೇಳಿದ್ದೀರಾ? ನಿಮ್ಮ ಅವ್ವನ ಸಂಘದ ಸಾಲಕ್ಕೆ, ನಿಮ್ಮದೇ ಬೈಕಿನ ಸಾಲಕ್ಕೆ? ಇಂಗ್ಲಿಷಿನಲ್ಲಿ ಕೊಟ್ಟರೆ ಸಹಿ ಮಾಡದೆ ತಿರುಗಿ ಕೊಡಿ, ಕನ್ನಡದ ಪ್ರತಿ ಬರೆದು ಕೇಳಿ, ಕೇಳಿದ್ದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ. ಜಗಳ ಬೇಡ. ಮೂರು ದಿನ ನಿಮ್ಮ ಕೈಯಲ್ಲಿವೆ.

ನಿಮ್ಮ ರೈಲಿಗೆ ಇನ್ನೂ ಹೊತ್ತಿದೆ. ಸಾಲದ ಕಾಗದ ತನ್ನಿ ಎಂದು ಮೊದಲೇ ಹೇಳಿ ಕಳಿಸಿದ್ದೆ. ತಂದವರು ಮುಂದೆ ಬನ್ನಿ. ಉಳಿದವರು ಹಾಳೆ ಪೆನ್ನು ತೆಗೆಯಿರಿ. ಮೊದಲ ತಿಂಗಳ ಬಡ್ಡಿ, ಅಸಲಿಗೆ ಹೋದದ್ದು, ಉಳಿದ ಅಸಲು ಎಂದು ಮೂರು ಅಂಕಣ ಎಳೆಯಿರಿ. ಹೇಳ್ರಿ, ಮೊದಲು ಯಾರ ಕಂತಿನ ಲೆಕ್ಕ ಹಾಕೋಣ?