ಅತ್ತೆಯ ಟ್ರಂಕಿನ ಒಂದು ರೂಪಾಯಿ



ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಇವತ್ತು ಪುಸ್ತಕ ಬೇಡ. ಸೆರಗಿನ ಗಂಟಿನಲ್ಲೋ ಪರ್ಸಿನಲ್ಲೋ 10 ರೂಪಾಯಿ ನೋಟು ಇದ್ದರೆ ಕೈಗೆ ತೆಗೆದುಕೊಳ್ಳಿ.

ನೋಟನ್ನು ಹಿಂದೆ ತಿರುಗಿಸಿ. ಸಣ್ಣ ಅಕ್ಷರದ ಸಾಲುಗಳು ಒಂದರ ಕೆಳಗೆ ಒಂದು ಇವೆ. 15 ಸಾಲು, 15 ಭಾಷೆ. ಮೇಲಿನಿಂದ ನಾಲ್ಕನೆಯದನ್ನು ಓದಿ. ಹೌದು, ಕನ್ನಡ! ಎಷ್ಟು ವರ್ಷದಿಂದ ನೋಟು ಹಿಡಿದಿದ್ದೇವೆ. ಬಣ್ಣ ನೋಡಿ ಹತ್ತು, ಇಪ್ಪತ್ತು ಅಂತ ಗುರುತು ಹಿಡೀತಿದ್ದೆವು. ಈ ಸಾಲು ಅಲ್ಲೇ ಇತ್ತು. ನಮಗೆ ಕಂಡಿರಲಿಲ್ಲ, ಅಷ್ಟೆ.

ಈ ಮಾತು ಯಾಕೆ ಬಂತು ಅಂದರೆ, ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಹೋದ ತಿಂಗಳು ಒಂದು ಹಳೆಯ ನೋಟು ತಂದಿದ್ದರು. ಅತ್ತೆಯ ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿ ಇತ್ತಂತೆ. ಅತ್ತೆಗೆ ಅವರ ತಾಯಿ ಕೊಟ್ಟದ್ದು. ಅಕ್ಕನ ಮಗನ ಮೊಬೈಲಿಗೆ ಒಂದು ಜಾಹೀರಾತು ಬಂದಿತ್ತು. ಹಳೆಯ ನೋಟಿಗೆ 5 ಲಕ್ಷ ಕೊಡುತ್ತೇವೆ ಅಂತ. ಫೋನು ಮಾಡಿದರೆ ಆ ಕಡೆಯವನು ಬಹಳ ನಯವಾಗಿ ಮಾತಾಡಿದ. "ಅಮ್ಮಾ, ನಿಮ್ಮ ನೋಟು ಪಾಸಾಗಿದೆ. ಫೈಲು ಮಾಡಿಸಬೇಕು, ಮೊದಲು 2,000 ರೂಪಾಯಿ ಕಳಿಸಿ" ಅಂದ. ಅಕ್ಕ ಸಂಘದಲ್ಲಿ ಸಾಲ ಎತ್ತಿ ಕಳಿಸಲು ಹೊರಟಿದ್ದರು. ಅಷ್ಟರಲ್ಲಿ ಏನನ್ನಿಸಿತೋ, ನೋಟನ್ನು ತಂದು ಚಾಪೆಯ ಮೇಲೆ ಇಟ್ಟರು. "ಮೊದಲು ಇದರಲ್ಲಿ ಏನು ಬರೆದಿದೆ ಅಂತ ಓದೋಣ" ಅಂದರು.

ಓದಿದೆವು. ನೋಟಿನ ಮೇಲೆ ಒಂದು ರೂಪಾಯಿ ನಾಣ್ಯದ ಚಿತ್ರ ಇತ್ತು. ಅದರಲ್ಲಿ 1940 ಅಂತ ಇಸವಿ. ಇನ್ನೊಂದು ಕಡೆ ಇಂಗ್ಲೆಂಡಿನ ರಾಜನ ತಲೆ. ಆರನೆಯ ಜಾರ್ಜ್ ಅಂತ ಅವನ ಹೆಸರು. ಹಿಂದೆ ಎಂಟು ಭಾಷೆ. ಅದರಲ್ಲೂ ಕನ್ನಡ ಇತ್ತು! "ಒಂದು ರೂಪಾಯಿ" ಅಂತ ಅಕ್ಕನೇ ಬೆರಳಿಟ್ಟು ಓದಿದರು. ಒಂದು ಸಾಲು ಮಾತ್ರ ಉಂಡೆ ಉಂಡೆ ಅಕ್ಷರ, ಯಾರಿಗೂ ತಿಳಿಯಲಿಲ್ಲ. ಅದು ಬರ್ಮಾ ದೇಶದ ಭಾಷೆ ಅಂತ ಆಮೇಲೆ ಗೊತ್ತಾಯಿತು. 1937ರವರೆಗೆ ಬರ್ಮಾ ಕೂಡ ಬ್ರಿಟಿಷ್ ಇಂಡಿಯಾದ ಒಳಗೇ ಇತ್ತು.

ಅಲ್ಲಿಂದ ನಮಗೆ ಕುತೂಹಲ ಹತ್ತಿತು. ಪುಸ್ತಕ ನೋಡಿ, ಬಲ್ಲವರನ್ನು ಕೇಳಿ ಒಂದಿಷ್ಟು ತಿಳಿದುಕೊಂಡೆವು. ಅದನ್ನೇ ಈಗ ಹೇಳುತ್ತೇವೆ.

ಮೊದಲು ಕಲ್ಕತ್ತಾ, ಮುಂಬಯಿ, ಮದರಾಸಿನ ಬ್ಯಾಂಕುಗಳು ತಮ್ಮ ತಮ್ಮ ನೋಟು ಹೊರಡಿಸುತ್ತಿದ್ದವು. 1861ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾನೂನು ಮಾಡಿತು. ನೋಟು ಹೊರಡಿಸುವ ಹಕ್ಕು ಇನ್ನು ಸರ್ಕಾರದ್ದು ಮಾತ್ರ ಅಂತ. ಆ ಮೊದಲ ನೋಟುಗಳಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರ ಇತ್ತು. ಒಂದೇ ಮಗ್ಗುಲಿಗೆ ಅಚ್ಚು, ಹಿಂದೆ ಖಾಲಿ. ಎಲ್ಲ ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರಬೇಕು. ಖೋಟಾ ನೋಟು ಮಾಡುವವರು ಆಗಲೂ ಇದ್ದರು. ಅವರ ಕಾಟಕ್ಕೆ ರಾಣಿಯ ನೋಟು ಹೋಗಿ 1867ರಿಂದ ಬೇರೆ ನೋಟು ಬಂತು.

ಆಗ ಇನ್ನೊಂದು ತೊಡಕಿತ್ತು. ದೇಶವನ್ನು ಕೆಲವು ಭಾಗ ಮಾಡಿದ್ದರು. ಅದಕ್ಕೆ ಸರ್ಕಲ್ ಅನ್ನುತ್ತಿದ್ದರು. ಮದರಾಸು ಸರ್ಕಲಿನ ನೋಟನ್ನು ಮುಂಬಯಿಯಲ್ಲಿ ತೆಗೆದುಕೊಳ್ಳಲೇಬೇಕು ಅಂತ ಕಾನೂನು ಇರಲಿಲ್ಲ. ನಮ್ಮ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ವ್ಯಾಪಾರಕ್ಕೆ ಓಡಾಡುವವರ ಪಾಡು ಯೋಚನೆ ಮಾಡಿ. 1903ರಲ್ಲಿ 5 ರೂಪಾಯಿ ನೋಟು ಬರ್ಮಾ ಬಿಟ್ಟು ಉಳಿದ ಕಡೆ ನಡೆಯುವಂತೆ ಮಾಡಿದರು. 100 ರೂಪಾಯಿಯವರೆಗಿನ ನೋಟಿಗೆ ಆ ಸೌಲಭ್ಯ ಬರುವಾಗ 1911 ಆಗಿತ್ತು.

ಆ ಕಾಲದವರು ಟಪಾಲಿನಲ್ಲಿ ಹಣ ಕಳಿಸುವ ರೀತಿ ಕೇಳಿದರೆ ನಗು ಬರುತ್ತದೆ. ನೋಟನ್ನು ಕತ್ತರಿಸಿ ಎರಡು ತುಂಡು ಮಾಡುತ್ತಿದ್ದರು! ಮೊದಲು ಒಂದು ತುಂಡು ಕಳಿಸುವುದು. ಮುಟ್ಟಿತು ಅಂತ ಕಾಗದ ಬಂದ ಮೇಲೆ ಇನ್ನೊಂದು ತುಂಡು ಕಳಿಸುವುದು. ದಾರಿಯಲ್ಲಿ ಯಾರಾದರೂ ಕದ್ದರೆ ಅರ್ಧ ನೋಟು ಅವರಿಗೆ ಏನು ಪ್ರಯೋಜನ? ನಡುವೆ ಅಂಟಿಸಿದ ಇಂಥ ನೋಟು ಈಗಲೂ ಸಂಗ್ರಹ ಮಾಡುವವರ ಹತ್ತಿರ ಇವೆ.

ಇವೆಲ್ಲ ದೊಡ್ಡ ನೋಟಿನ ಕಥೆ. ಕೂಲಿ ಮಾಡುವವರ ಕೈಗೆ ಕಾಗದದ ಹಣ ಬಂದದ್ದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂತು. ರೂಪಾಯಿ ಅಂದರೆ ಆಗ ಬೆಳ್ಳಿ. ತೊಲ ಅಂತೀವಲ್ಲ, ಆ ತೂಕ ಬೆಳ್ಳಿ ರೂಪಾಯಿಯದೇ. ಸುಮಾರು 11.66 ಗ್ರಾಂ. (ಈಗ ಅಕ್ಕಸಾಲಿಗರು 10 ಗ್ರಾಮಿಗೇ ತೊಲ ಅನ್ನುವುದುಂಟು. ಕೇಳಿಯೇ ಕೊಳ್ಳಿ.) 1917ರ ನವೆಂಬರ್ 30ರಂದು ಮೊದಲ ಒಂದು ರೂಪಾಯಿ ನೋಟು ಬಂತು. ಬೆಳ್ಳಿ ಎಣಿಸಿ ರೂಢಿಯಾದ ಜನ ಕಾಗದವನ್ನು ನಂಬಬೇಕಲ್ಲ? ಅದಕ್ಕೇ ನೋಟಿನ ಮೇಲೆ ನಾಣ್ಯದ ಚಿತ್ರ ಬರೆದರು. ಕೇಳಿದಾಗ ಒಂದು ರೂಪಾಯಿ ಕೊಡುತ್ತೇವೆ ಅಂತ ಮಾತೂ ಕೊಟ್ಟರು.

ಅದರ ಹಿಂದೆಯೇ ಎರಡು ರೂಪಾಯಿ ಎಂಟಾಣೆಯ ನೋಟು ಬಂತು. 16 ಆಣೆಗೆ ಒಂದು ರೂಪಾಯಿ. ಅಂದರೆ ಇದು 5 ರೂಪಾಯಿಯ ಸರಿ ಅರ್ಧ. ಖರ್ಚು ಜಾಸ್ತಿ ಅಂತ 1926ರಲ್ಲಿ ಎರಡನ್ನೂ ನಿಲ್ಲಿಸಿದರು. ಎರಡನೆಯ ಮಹಾಯುದ್ಧ ಬಂತು, 1940ರಲ್ಲಿ ಒಂದು ರೂಪಾಯಿ ನೋಟೂ ತಿರುಗಿ ಬಂತು. ಅತ್ತೆಯ ಟ್ರಂಕಿನಲ್ಲಿದ್ದದ್ದು ಅದೇ. ಎಂಟಾಣೆಯ ಆ ನೋಟು ಮಾತ್ರ ಮತ್ತೆ ಬರಲಿಲ್ಲ.

ಬೇರೆ ನೋಟುಗಳನ್ನು 1938ರಿಂದ ರಿಸರ್ವ್ ಬ್ಯಾಂಕು ಹೊರಡಿಸಿತು. 10,000 ರೂಪಾಯಿಯ ನೋಟು ಕೂಡ ಇತ್ತು! 1946ರ ಜನವರಿಯಲ್ಲಿ 500, 1,000, 10,000ದ ನೋಟು ರದ್ದು ಮಾಡಿದರು. 2016ರಲ್ಲಿ ಸಾಸಿವೆ ಡಬ್ಬಿಯ ದುಡ್ಡು ಹಿಡಿದು ಬ್ಯಾಂಕಿನ ಮುಂದೆ ನಿಂತದ್ದು ನೆನಪಿದೆಯಲ್ಲ? ನಮಗಿಂತ 70 ವರ್ಷ ಮೊದಲೂ ಹಾಗೆ ಆಗಿತ್ತು. 1943ರಲ್ಲಿ ಸಿ. ಡಿ. ದೇಶಮುಖ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರು. ಅಂದಿನ ನೋಟಿನಲ್ಲಿ ಮುಖ ಇಂಗ್ಲೆಂಡಿನ ರಾಜನದು, ಸಹಿ ನಮ್ಮವರದು.

ನೋಟನ್ನು ಬೆಳಕಿಗೆ ಹಿಡಿದರೆ ಒಳಗೆ ಒಂದು ಚಿತ್ರ ಕಾಣುತ್ತದೆ. ಅದು ವಾಟರ್ ಮಾರ್ಕ್. ಯುದ್ಧದ ಕಾಲದಲ್ಲಿ ಜಪಾನಿನವರು ಬಹಳ ಚೆನ್ನಾಗಿ ಖೋಟಾ ನೋಟು ಮಾಡಿದರು. ಹಾಗಾಗಿ 1944ರಲ್ಲಿ ವಾಟರ್ ಮಾರ್ಕಿನ ರಾಜ ಮುಖ ತಿರುಗಿಸಬೇಕಾಯಿತು. ಅದುವರೆಗೆ ಪಕ್ಕಕ್ಕೆ ನೋಡುತ್ತಿದ್ದ, ಈಗ ನೇರ ನಮ್ಮನ್ನೇ ನೋಡಿದ. ನೋಟಿನ ಒಳಗೆ ದಾರ ಬಂದದ್ದೂ ಆಗಲೇ. ನಿಮ್ಮ ಕೈಯಲ್ಲಿರುವ ನೋಟಿನಲ್ಲೂ ಆ ದಾರ ಇದೆ, ಬೆಳಕಿಗೆ ಹಿಡಿದು ನೋಡಿ.

ಬೀದರ್, ಕಲಬುರಗಿ, ರಾಯಚೂರು ಕಡೆಯವರ ಮನೆಯಲ್ಲಿ ಬೇರೆ ನೋಟು ಸಿಗಬಹುದು. ಅದು ಹೈದರಾಬಾದ್ ನಿಜಾಮರ ನೋಟು. 1918ರಲ್ಲಿ ಅಲ್ಲಿ ಬೇರೆ ಕಾನೂನೇ ಆಯಿತು. ಉರ್ದುವಿನ ಜೊತೆಗೆ ಅದರಲ್ಲಿ ತೆಲುಗು, ಮರಾಠಿ, ಕನ್ನಡ ಇವೆ. ಆ ಹಣಕ್ಕೆ ಹಾಲಿ ಸಿಕ್ಕಾ ಅನ್ನುತ್ತಿದ್ದರು. ಅಲ್ಲಿನ ಅಜ್ಜಿಯರಿಗೆ ಹೆಸರು ಕೇಳಿದರೆ ಗೊತ್ತು.

ಈಗ ಬೆಲೆಯ ಮಾತಿಗೆ ಬರೋಣ. ನೀವೆಲ್ಲ ಅದಕ್ಕೇ ಕಾಯುತ್ತಿದ್ದೀರಿ, ನಮಗೆ ಗೊತ್ತು.

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಅದು ಮುಖ್ಯ. ಎರಡು ರೂಪಾಯಿ ಎಂಟಾಣೆಯ ನೋಟು ಅಪರೂಪ, ಕೊಳ್ಳುವವರು ಹೆಚ್ಚು ಹಣ ಕೊಡುತ್ತಾರೆ. 1940ರ ಒಂದು ರೂಪಾಯಿ ಬಹಳ ಅಚ್ಚಾದದ್ದು. ಕೈ ಬದಲಿಸಿ ಮೆತ್ತಗಾದ ನೋಟಾದರೆ ಅದು ಲಕ್ಷದ ಮಾತಲ್ಲ, ನೂರುಗಳ ಮಾತು. ಮಡಿಕೆ ಇಲ್ಲದೆ ಗರಿಗರಿ ಇದ್ದರೆ ಸ್ವಲ್ಪ ಹೆಚ್ಚು. ಸಹಿ ಕೂಡ ನೋಡುತ್ತಾರೆ. 1917ರ ನೋಟಿಗೆ ಗುಬ್ಬೆ, ಮ್ಯಾಕ್‌ವಾಟರ್ಸ್, ಡೆನಿಂಗ್ ಅಂತ ಮೂವರು ಬೇರೆ ಬೇರೆ ಕಾಲಕ್ಕೆ ಸಹಿ ಹಾಕಿದ್ದಾರೆ. ಸಹಿ ಬದಲಾದರೆ ಬೆಲೆಯೂ ಬದಲಾಗುತ್ತದೆ.

ಮೇಲೆ ಮುದ್ರೆ ಬಿದ್ದ ನೋಟು ಕಂಡರೆ ಹಾಳಾಗಿದೆ ಅಂತ ಎಸೆಯಬೇಡಿ. ದೇಶ ಇಬ್ಭಾಗವಾದ ಮೇಲೆ 1948ರಲ್ಲಿ ನಮ್ಮ ನೋಟಿನ ಮೇಲೇ "ಪಾಕಿಸ್ತಾನ ಸರ್ಕಾರ" ಅಂತ ಅಚ್ಚು ಹಾಕಿ ಅಲ್ಲಿ ನಡೆಸಿದರು. ಬೆಂಗಳೂರಿನ ರೆಜ್ವಾನ್ ರಜಾಕ್ ಎಂಬುವರು ಹುಡುಗನಾಗಿದ್ದಾಗ ಅಜ್ಜನ ತಿಜೋರಿಯಲ್ಲಿ ಅಂಥದೊಂದು ನೋಟು ನೋಡಿದರಂತೆ. ಅದರಿಂದ ಹಿಡಿದ ಹುಚ್ಚು ಬೆಳೆದು, 2020ರಲ್ಲಿ ಬೆಂಗಳೂರಿನಲ್ಲಿ ನೋಟುಗಳದೇ ಒಂದು ಮ್ಯೂಸಿಯಂ ಆಯಿತು.

ನೋಟು ಕೊಳ್ಳುವವನು ನಮಗೆ ಹಣ ಕೊಡಬೇಕು. ನಮ್ಮಿಂದಲೇ ಮೊದಲು ಹಣ ಕೇಳಿದರೆ ಅದೆಂಥ ವ್ಯಾಪಾರ? 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿತು. ಹಳೆಯ ನೋಟು, ನಾಣ್ಯದ ಇಂಥ ವ್ಯವಹಾರ ನಾವು ಮಾಡುವುದಿಲ್ಲ, ಅದಕ್ಕೆ ಫೀಸು, ಕಮಿಷನ್ ಕೇಳುವುದಿಲ್ಲ, ನಮ್ಮ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿತು. ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡರು. ಮೂರನೆಯ ಸಲ ತಾವೇ ಓದಿದರು. ಆ ದಿನ ಸಂಜೆ ಫೋನು ಬಂದಾಗ "ನನ್ನ 5 ಲಕ್ಷದಲ್ಲೇ ನಿನ್ನ 2,000 ಮುರಕೊಂಡು ಉಳಿದದ್ದು ಕೊಡಪ್ಪ" ಅಂದರು. ಅವನು ಆಮೇಲೆ ಫೋನು ಮಾಡಲಿಲ್ಲ.

ನೋಟು ಮಾರುತ್ತೀರಾ ಅಂತ ಅತ್ತೆಯನ್ನು ಕೇಳಿದೆವು. "ನಮ್ಮವ್ವ ಕೊಟ್ಟದ್ದು, ಅದು ಯಾಕೆ ಮಾರಲಿ" ಅಂದರು. ಈಗ ಅದು ಸೊಸೆಯ ಪಾಠದ ಪುಸ್ತಕದ ನಡುವೆ ಇದೆ.

ಬರುವ ಭಾನುವಾರ ನಿಮ್ಮ ಮನೆಯ ಹಳೆಯ ನೋಟು ಏನಾದರೂ ಇದ್ದರೆ ತನ್ನಿ. ಒಟ್ಟಿಗೆ ಕೂತು ಓದೋಣ. ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ. ಹರಿದಿದ್ದರೆ ಹರಿದ ಹಾಗೇ ಇರಲಿ, ಟೇಪು, ಗೋಂದು ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನೋಟ್ ಬುಕ್ಕಿನ ಹಾಳೆಗಳ ನಡುವೆ ಇಟ್ಟು, ಮಡಚದೆ ತನ್ನಿ. ಮತ್ತೆ, ತರುವ ಮೊದಲು ಮನೆಯ ಹಿರಿಯರಿಗೆ ಒಂದು ಮಾತು ಹೇಳಿ.