ಕುತುಪಾಲಾಂಗ್ ಶಿಬಿರದಲ್ಲಿ ನಾನು ಕಂಡದ್ದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೊರದೇಶದ ಕೆಲಸದ ಅನುಭವ ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. 2018ರಲ್ಲಿ ಒಂದು ಪರಿಹಾರ ಸಂಸ್ಥೆಯ ಪರವಾಗಿ ನಾನು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯಲ್ಲಿದ್ದೆ. ಅಲ್ಲಿನ ರೋಹಿಂಗ್ಯಾ ಶಿಬಿರಗಳ ಬಗ್ಗೆ ಮಾತ್ರ ಹೇಳುತ್ತೇನೆ.

ರೋಹಿಂಗ್ಯಾಗಳು ಮ್ಯಾನ್ಮಾರ್‌ನ ರಖೈನ್ ರಾಜ್ಯದವರು. 1982ರ ಪೌರತ್ವ ಕಾನೂನು ಬಂದ ಮೇಲೆ ಅವರಲ್ಲಿ ಬಹುಪಾಲು ಜನ ತಮ್ಮ ನೆಲದಲ್ಲೇ ಪ್ರಜೆಗಳಲ್ಲದವರಾದರು. 2017ರ ಆಗಸ್ಟ್ 25ರ ನಂತರ ಸೈನ್ಯದ ದಾಳಿಗೆ ಹೆದರಿ, ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿ ನಾಫ್ ನದಿ ದಾಟಿ ಬಂದರು. ಕಾಡಿನ ಗುಡ್ಡಗಳನ್ನು ಕಡಿದು ಬಿದಿರು, ಟಾರ್ಪಾಲಿನ ಗುಡಿಸಲು ಹಾಕಿಕೊಂಡರು. ಕುತುಪಾಲಾಂಗ್ ಲೋಕದಲ್ಲೇ ಅತಿ ದೊಡ್ಡ ನಿರಾಶ್ರಿತರ ಶಿಬಿರವಾದದ್ದು ಹೀಗೆ.

ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ರೇಷನ್ನಿನಲ್ಲಿ ಅಕ್ಕಿ, ಬೇಳೆ, ಎಣ್ಣೆ ಕೊಡುತ್ತಿದ್ದರು. ಜನ ಅದರಲ್ಲಿ ಸ್ವಲ್ಪ ಭಾಗವನ್ನು ಸಂತೆಯಲ್ಲಿ ಮಾರುತ್ತಿದ್ದರು. "ನೆರವು ದುರುಪಯೋಗವಾಗುತ್ತಿದೆ, ಇವರಿಗೆ ಸ್ವಾವಲಂಬನೆಯ ತರಬೇತಿ ಬೇಕು" ಎಂದು ನಾನು ವರದಿ ಬರೆದೆ. ಆಮೇಲೆ ಒಂದು ದಿನ ದುಭಾಷಿಯ ಜೊತೆ ಒಬ್ಬ ಅಜ್ಜಿಯ ಗುಡಿಸಲಿಗೆ ಹೋದೆ. (ದುಭಾಷಿ ಚಿತ್ತಗಾಂಗ್ ಕಡೆಯ ಹುಡುಗ, ಆ ಕಡೆಯ ಮಾತು ರೋಹಿಂಗ್ಯಾ ಭಾಷೆಗೆ ಬಹಳ ಹತ್ತಿರ.) ಬೇಳೆ ಯಾಕೆ ಮಾರಿದಿರಿ ಎಂದು ಕೇಳಿದೆ. "ದಿನಾ ಬೇಳೆ ತಿಂದು ಬಾಯಿ ಕೆಟ್ಟಿದೆ. ಮಾರಿದ ದುಡ್ಡಲ್ಲಿ ಒಣಮೀನು ತಂದೆ, ಮೆಣಸಿನಕಾಯಿ ತಂದೆ, ಮೊಮ್ಮಗಳಿಗೆ ಚಪ್ಪಲಿ ತಂದೆ. ಊರಲ್ಲಿ ನಮ್ಮದೇ ಗದ್ದೆಯಿತ್ತು ಮಗ, ಲೆಕ್ಕ ನನಗೂ ಬರುತ್ತದೆ" ಎಂದಳು. ನಮ್ಮ ಅವ್ವನೂ ಸೊಸೈಟಿಯಲ್ಲಿ ತಂದ ಗೋಧಿಯನ್ನು ಪಕ್ಕದ ಮನೆಗೆ ಕೊಟ್ಟು ರಾಗಿ ತರುತ್ತಿದ್ದಳು. ಅದನ್ನು ನಾವು ಮನೆ ನಡೆಸುವ ಜಾಣತನ ಅಂದೆವು, ಇದನ್ನು ದುರುಪಯೋಗ ಅಂದೆ.

ಆನೆಯ ವಿಷಯ ಹೇಳಿದರೆ ನಿಮಗೆ ಇನ್ನೂ ಚೆನ್ನಾಗಿ ಅರ್ಥವಾದೀತು. ಆ ಶಿಬಿರ ಎದ್ದದ್ದು ಆನೆಗಳು ಓಡಾಡುವ ದಾರಿಯಲ್ಲೇ. ಮೊದಲ ತಿಂಗಳುಗಳಲ್ಲಿ ರಾತ್ರಿ ನುಗ್ಗಿದ ಆನೆಗಳ ಕಾಲಿಗೆ ಸಿಕ್ಕಿ ಹತ್ತಕ್ಕೂ ಹೆಚ್ಚು ಜನ ಸತ್ತರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ರೋಹಿಂಗ್ಯಾ ಸ್ವಯಂಸೇವಕರ ತಂಡಗಳನ್ನು ಕಟ್ಟಿದವು. ನಮ್ಮ ಹೊಲಗಳಲ್ಲಿ ಅಟ್ಟಣೆ ಹಾಕುತ್ತೇವಲ್ಲ, ಹಾಗೆಯೇ ಶಿಬಿರದ ಅಂಚಿನಲ್ಲಿ ಕಾವಲು ಅಟ್ಟಣೆಗಳು ಎದ್ದವು. ರಾತ್ರಿಯೆಲ್ಲಾ ಪಾಳಿಯ ಮೇಲೆ ಕಾಯುತ್ತಿದ್ದರು. ಆನೆ ಬಂದರೆ ಜನ ಮುತ್ತದಂತೆ ತಡೆದು, ಬೆಳಕು ಬಿಟ್ಟು, ಸದ್ದು ಮಾಡಿ ಕಾಡಿಗೆ ತಿರುಗಿಸುತ್ತಿದ್ದರು. ಊರು ಬಿಟ್ಟು ಬಂದು ವರ್ಷ ತುಂಬಿರದ ಜನ ಇವರು.

ಚಂಡಮಾರುತದ ಸೂಚನೆ ಬಂದಾಗ ಬಾವುಟ ಏರಿಸಿ ಗುಡಿಸಲುಗಳಿಗೆ ಸುದ್ದಿ ಮುಟ್ಟಿಸುವವರೂ ಅವರೇ. 2023ರ ಮೇ ತಿಂಗಳ ಮೋಖಾ ಚಂಡಮಾರುತ ಸಾವಿರಾರು ಗುಡಿಸಲುಗಳನ್ನು ಹಾಳುಗೆಡವಿತು.

ಆದರೆ ದುಡಿದು ಬಾಳಲು ಅಲ್ಲಿ ಅಪ್ಪಣೆಯಿಲ್ಲ. ಶಿಬಿರದಿಂದಾಚೆ ಹೋಗಿ ಕೂಲಿ ಮಾಡುವಂತಿಲ್ಲ, ಜಮೀನು ಮಾಡುವಂತಿಲ್ಲ. ಸ್ವಯಂಸೇವಕರಿಗೆ ಸಿಗುವ ಸಣ್ಣ ಗೌರವಧನವೇ ದೊಡ್ಡ ಸಂಪಾದನೆ. ಬಾಂಗ್ಲಾದೇಶವನ್ನು ದೂರುವುದೂ ನನಗೆ ಸುಲಭವಲ್ಲ. ತಾನೇ ಜನರಿಂದ ಕಿಕ್ಕಿರಿದ ದೇಶ, ಬಾಗಿಲು ತೆರೆಯಿತು. ಉಖಿಯಾ, ಟೆಕ್ನಾಫ್‌ನ ಹಳ್ಳಿಯವರ ಕೂಲಿ ಇಳಿಯಿತು, ಕಾಡು ಹೋಯಿತು. ಅವರ ಸಿಟ್ಟನ್ನೂ ನಾನು ಕೇಳಿದ್ದೇನೆ.

ಅಪ್ಪಣೆಯಿಲ್ಲದೆ ನೆರವನ್ನೇ ನಂಬಿದರೆ ಏನಾಗುತ್ತದೆ ನೋಡಿ. 2023ರಲ್ಲಿ ದಾನಿಗಳ ಹಣ ಸಾಲದೆ ಒಬ್ಬರ ತಿಂಗಳ ಆಹಾರದ ಪಾಲು ಮಾರ್ಚ್‌ನಲ್ಲಿ 12 ಡಾಲರಿನಿಂದ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ನಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 22 ರೂಪಾಯಿ. ಮುಂದೆ ಏರಿಸಿದರು, ನಿಜ. ಆ ಅಜ್ಜಿ ಆ ತಿಂಗಳುಗಳಲ್ಲಿ ಏನು ಮಾರಿದಳೋ.

ನಮ್ಮ ಪಕ್ಕದ ಬೈಲುಕುಪ್ಪೆಯನ್ನೇ ನೆನೆಯಿರಿ. 1960ರ ದಶಕದ ಆರಂಭದಲ್ಲಿ ಟಿಬೆಟನ್ನರು ಬಂದಾಗ ಮೈಸೂರು ರಾಜ್ಯ ಸರ್ಕಾರ ಸುಮಾರು 3000 ಎಕರೆ ಕೊಟ್ಟಿತು. ಕಾಡು ಕಡಿದರು, ಆನೆ ಕಾದರು, ಮುಸುಕಿನ ಜೋಳ ಬೆಳೆದರು, ರತ್ನಗಂಬಳಿ ನೇಯ್ದರು. ಅವರ ಶ್ರಮ ದೊಡ್ಡದು. ಆ ಶ್ರಮಕ್ಕೆ ನೆಲವೂ ಸಿಕ್ಕಿತ್ತು.

ಇದು ಶಾಲೆಯ ಹಬ್ಬ, ಶಾಲೆಯ ಮಾತು ಹೇಳಿ ಮುಗಿಸುತ್ತೇನೆ. ನಾನಿದ್ದಾಗ ಅಲ್ಲಿ ಚಿಕ್ಕ ಮಕ್ಕಳಿಗೆ ಕಲಿಕಾ ಕೇಂದ್ರಗಳಿದ್ದವು, ಪ್ರೌಢಶಾಲೆ ವಯಸ್ಸಿನವರಿಗೆ ಹೆಚ್ಚೇನೂ ಇರಲಿಲ್ಲ. ಹದಿನಾಲ್ಕರ ಹುಡುಗನೊಬ್ಬ ಚಿಕ್ಕವರ ಹಿಂದೆ ಬಂದು ಕೂರುತ್ತಿದ್ದ. "ಇದನ್ನು ಓದಿದರೆ ಯಾವ ಪರೀಕ್ಷೆ ಬರೆಯಬಹುದು?" ಎಂದು ಒಮ್ಮೆ ಕೇಳಿದ. ಇದೇ ಕಟ್ಟಡದಲ್ಲಿ ಎಸ್ಸೆಸ್ಸೆಲ್ಸಿ ಬರೆದು ಹೋದ ನನ್ನ ಹತ್ತಿರ ಉತ್ತರವಿರಲಿಲ್ಲ. 2021ರ ಕೊನೆಗೆ ಮ್ಯಾನ್ಮಾರ್ ಪಠ್ಯಕ್ರಮ ಶುರುವಾಯಿತು. ಹುಡುಗ ಈಗ ಅಲ್ಲೇ ಸ್ವಯಂಸೇವಕ ಶಿಕ್ಷಕನಾಗಿದ್ದಾನೆ ಎಂದು ದುಭಾಷಿ ಗೆಳೆಯ ಹೋದ ವರ್ಷ ಫೋನಿನಲ್ಲಿ ಹೇಳಿದ. ಮಕ್ಕಳು ಅವನನ್ನೂ ಅದೇ ಪ್ರಶ್ನೆ ಕೇಳುತ್ತಾರಂತೆ.