ಫಾಲೂದಾದ ಬೀಜ, ಗಾಯದ ಪಟ್ಟಿ

ಘಣಸೋಲಿಯಲ್ಲಿ ಫಾಲೂದಾ ತಿನ್ನುವಾಗ ಲೋಟದೊಳಗಿನ ಕಾಮಕಸ್ತೂರಿ ಬೀಜ ನೋಡಿದ್ದೀರಾ? ಒಣಗಿದ್ದಾಗ ಎಳ್ಳಿಗಿಂತ ಸಣ್ಣದು. ನೀರಿಗೆ ಬಿದ್ದರೆ ಲೋಳೆಯ ಅಂಗಿ ತೊಟ್ಟು ಉಬ್ಬುತ್ತದೆ. ಆ ಲೋಳೆಯಲ್ಲಿ ಉದ್ದುದ್ದ ಅಣು ಸರಪಳಿಗಳು ಹೆಣೆದುಕೊಂಡು ನೀರನ್ನು ಹಿಡಿದಿಟ್ಟಿವೆ. ಇಂಥ ವಸ್ತುವೇ ಹೈಡ್ರೋಜೆಲ್.

ಗಾಯಕ್ಕೂ ಇದಕ್ಕೂ ಏನು ನಂಟು? "ಗಾಳಿಯಾಡಲಿ, ಗಾಯ ಒಣಗುತ್ತೆ" ಅಂತ ಮನೆಯಲ್ಲಿ ಹೇಳುತ್ತಾರಲ್ಲ, 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಅದನ್ನು ಪರೀಕ್ಷಿಸಿದರು. ಹಂದಿಗಳ ಮೈಮೇಲಿನ ಕೆಲವು ಸಣ್ಣ ಗಾಯಗಳನ್ನು ಪಾಲಿಥೀನಿನಿಂದ ಮುಚ್ಚಿದರು, ಕೆಲವನ್ನು ಗಾಳಿಗೆ ಬಿಟ್ಟರು. ಮುಚ್ಚಿ ತೇವ ಉಳಿಸಿದ ಕಡೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬಿತು! ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಚರ್ಮದ ಕೋಶಗಳು ಅದರಡಿ ದಾರಿ ಮಾಡಿಕೊಂಡು ತೆವಳಬೇಕು, ಪಾಪ.

ಗಾಯದ ತೇವ ಕಾಯುವ ಹೈಡ್ರೋಜೆಲ್ ಪಟ್ಟಿಯೊಂದನ್ನು ಖಾಡಿಯಾಚೆ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ರೂಪಿಸಿದ್ದಾರೆ. ಪಾಲಿವಿನೈಲ್ ಆಲ್ಕೋಹಾಲನ್ನು ನೀರಲ್ಲಿ ಕರಗಿಸಿ ವಿಕಿರಣ ಹಾಯಿಸುತ್ತಾರೆ. ಸರಪಳಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಅಲ್ಲಿದ್ದ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಹೆದರಬೇಡಿ, ಪಟ್ಟಿಯಲ್ಲಿ ವಿಕಿರಣ ಉಳಿಯುವುದಿಲ್ಲ.

ಇದಕ್ಕೆ ಅಜ್ಜಿಯ ಅರಿಶಿನ ಸೇರಿಸಿದರೆ? ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಈಗ ಅದೇ ಕೆಲಸ. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸಬಲ್ಲದು. ಆದರೆ ಡಬ್ಬಿಯ ಪುಡಿಯನ್ನೇ ಸುರಿಯುವಂತಿಲ್ಲ. ಮಣ್ಣು, ಧೂಳಿನಿಂದ ಬಂದ ಸೂಕ್ಷ್ಮಜೀವಿಗಳು ಅದರಲ್ಲೇ ಇರಬಹುದು. ಮಸಾಲೆಗಳಲ್ಲಿರುವ ಇಂಥವನ್ನು ಗಾಮಾ ಕಿರಣದಿಂದ ಕೊಲ್ಲುವ ಸರ್ಕಾರಿ ಘಟಕ 2000ದಲ್ಲಿ ವಾಶಿಯಲ್ಲಿ ಶುರುವಾಯಿತು. ವಾಶಿ ಎಂದರೆ ಘಣಸೋಲಿಯಿಂದ ಕೋಪರಖೈರಣೆ, ತುರ್ಭೆ, ಸಾನ್ಪಾಡಾ ದಾಟಿದರೆ ಆಯಿತು.

ಇನ್ನೊಂದು ಫಜೀತಿಯಿದೆ. ಜೆಲ್‌ನಲ್ಲಿ ಬಹುಪಾಲು ನೀರು, ಕರ್ಕ್ಯುಮಿನ್ನಿಗೋ ನೀರೆಂದರೆ ಆಗದು. ಅದಕ್ಕೊಂದು ಉಪಾಯವೆಂದರೆ ಪಿಷ್ಟದಿಂದ ತಯಾರಿಸುವ ಉಂಗುರದಾಕಾರದ ಅಣು, ಸೈಕ್ಲೋಡೆಕ್ಸ್‌ಟ್ರಿನ್. ಇದರ ಹೊರಮೈ ನೀರಿನ ಜೊತೆ ಹೊಂದಿಕೊಳ್ಳುತ್ತದೆ, ಒಳಗಿನ ಪೊಳ್ಳು ಎಣ್ಣೆಯ ಗುಣದ ವಸ್ತುಗಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕರ್ಕ್ಯುಮಿನ್ ಅದರಲ್ಲಿ ಅಡಗಿ ಜೆಲ್ ಒಳಗೆ ಹೋಗುತ್ತದೆ.

ಗುಣವಿದೆಯೋ ಇಲ್ಲವೋ ನೋಡಲು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸವರಿ, ಮೇಲೆ ಜೆಲ್ ಚೂರೊಂದನ್ನು ಇಡುತ್ತಾರೆ. ಮರುದಿನ ಚೂರಿನ ಸುತ್ತ ಬೋಳು ವೃತ್ತ ಕಂಡರೆ ಅದರ ಅಗಲ ಅಳೆಯುತ್ತಾರೆ. ತಟ್ಟೆಯಲ್ಲಿ ಗೆದ್ದದ್ದು ಚರ್ಮದ ಮೇಲೆ ಸೋಲುವುದೂ ಉಂಟು.

ಕರ್ಕ್ಯುಮಿನ್ನಿನ ಹಟ ನೀವೇ ನೋಡಬೇಕೆ? ಒಂದು ಬಟ್ಟಲಲ್ಲಿ ನೀರು, ಇನ್ನೊಂದರಲ್ಲಿ ಅಡುಗೆ ಎಣ್ಣೆ ಇಟ್ಟು, ಎರಡಕ್ಕೂ ಚಿಟಿಕೆ ಅರಿಶಿನ ಹಾಕಿ ಕಲಕಿ. ರಾತ್ರಿಯಿಡೀ ಬಿಟ್ಟು, ತಿಳಿಯನ್ನು ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿ. ಶಾಲೆಯ ಅಂಗಿ ಮಾತ್ರ ದೂರ ಇಡಿ.